ಅಪ್ಪ ಕೇಳಿದ ಕಾದಂಬರಿ

ಹೋದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಇಪ್ಪತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಕೂಲಿ ಮತ್ತು ನಿರುದ್ಯೋಗ, ಇದು ವಿಷಯ. ಏಳು ವರ್ಷ ಹಿಡಿಯಿತು. ಪ್ರಬಂಧದ ಶುರುವಿನಲ್ಲಿ ಕೃತಜ್ಞತೆ ಅಂತ ಅರ್ಧ ಪುಟ ಇದೆ. ‘ಗೌರವಾನ್ವಿತ’ದಿಂದ ಹೊರಟು ‘ಚಿರಋಣಿ’ಯಲ್ಲಿ ನಿಲ್ಲುವ ಅದೇ ಅರ್ಧ ಪುಟ. ಅಲ್ಲಿ ಜಾಗ ಸಾಲದೇ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ನಮ್ಮಪ್ಪ ಮೈಸೂರಿನಲ್ಲಿ ಮನೆಗಳಿಗೆ ಬಣ್ಣ ಹೊಡೆಯುತ್ತಿದ್ದರು. ಫ್ಲೆಕ್ಸ್ ಬರೋ ತನಕ ಅಂಗಡಿ ಬೋರ್ಡೂ ಬರೆಯುತ್ತಿದ್ದರು. ನನ್ನ ಪಿಎಚ್‌ಡಿಯ ಮೂರನೇ ವರ್ಷದಲ್ಲಿ ಸಾರುವೆಯ ಹಲಗೆ ಜಾರಿ ಎರಡನೇ ಮಹಡಿಯಿಂದ ಬಿದ್ದರು. ಸೊಂಟ, ತೊಡೆ ಎರಡೂ ಮುರಿಯಿತು. ಕೆಲಸ ಕೊಟ್ಟ ಕಂಟ್ರಾಕ್ಟರ್ ಮೊದಲ ದಿನ ಬಂದು ಎರಡು ಸಾವಿರ ಕೈಗಿಟ್ಟರು. ಆಮೇಲೆ ಫೋನ್ ಎತ್ತಲಿಲ್ಲ.

ಆಗ ನಾನು ಇಂಗ್ಲಿಷ್ ಲೇಖಕ ಇ.ಎಂ. ಫಾರ್‌ಸ್ಟರ್ ಅವರ 1910ರ ಕಾದಂಬರಿ ‘ಹೋವರ್ಡ್ಸ್ ಎಂಡ್’ ಓದುತ್ತಿದ್ದೆ. ಅದರಲ್ಲಿ ಲಿಯೊನಾರ್ಡ್ ಬಾಸ್ಟ್ ಅಂತ ಒಬ್ಬ ಬಡ ಗುಮಾಸ್ತ. ಪುಸ್ತಕ ಓದಿ ದೊಡ್ಡವರ ಸಮಕ್ಕೆ ಬರಬೇಕು ಅಂತ ಒದ್ದಾಡುತ್ತಾನೆ. ಕೊನೆಗೆ ಪುಸ್ತಕದ ಕಪಾಟೇ ಮೈಮೇಲೆ ಬಿದ್ದು, ಎದೆ ನಿಂತು ಸಾಯುತ್ತಾನೆ. ಅವನ ಕಥೆ ಶುರು ಮಾಡುವಾಗ ನಿರೂಪಕ ಒಂದು ಮಾತು ಹೇಳುತ್ತಾನೆ: ತೀರಾ ಬಡವರ ಗೊಡವೆ ನಮಗೆ ಬೇಡ. ಮೊದಲ ಸಲ ಓದಿದಾಗ ‘ವ್ಯಂಗ್ಯ’ ಅಂತ ಪೆನ್ಸಿಲ್‌ನಲ್ಲಿ ಗೀಚಿ ಮುಂದೆ ಹೋಗಿದ್ದೆ. ಆಸ್ಪತ್ರೆ ಕಾರಿಡಾರಿನಲ್ಲಿ ಓದಿದಾಗ ವ್ಯಂಗ್ಯ ಅಂತ ಗೊತ್ತಿದ್ದೂ ಮೈ ಉರಿಯಿತು. ಪಿಎಚ್‌ಡಿ ಬಿಡುತ್ತೇನೆ ಅಂತ ಗೈಡ್ ಮೇಡಂಗೆ ಫೋನ್ ಮಾಡಿದೆ. ಅವರು ವಾದ ಮಾಡಲಿಲ್ಲ. “ಟ್ರೆಸೆಲ್ ಓದು. ಆಮೇಲೆ ಬಿಡು” ಅಂದರು, ಅಷ್ಟೇ. ಮೇಡಂ, ಆ ಒಂದು ಫೋನಿಗೆ ಮೊದಲ ನಮಸ್ಕಾರ.

ಟ್ರೆಸೆಲ್ ಅನ್ನೋದು ಇಟ್ಟುಕೊಂಡ ಹೆಸರು. ಪೇಂಟರುಗಳು ಹಲಗೆಗೆ ಆಸರೆಯಾಗಿ ಇಡುವ ‘ಟ್ರೆಸಲ್’ ಅನ್ನೋ ಸ್ಟ್ಯಾಂಡಿನಿಂದ ಬಂದದ್ದು. ಬರೆದಾತ ಡಬ್ಲಿನ್‌ನಲ್ಲಿ ಹುಟ್ಟಿದ ರಾಬರ್ಟ್ ನೂನನ್, ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಮನೆಗೆ ಬಣ್ಣ ಹೊಡೆದು, ಬೋರ್ಡ್ ಬರೆದು ಬದುಕಿದವನು. ಫಾರ್‌ಸ್ಟರ್ ‘ತೀರಾ ಬಡವರ’ನ್ನು ಪಕ್ಕಕ್ಕಿಟ್ಟ ಕಾಲದಲ್ಲೇ ಈತ ಅವರನ್ನೇ ಕೂರಿಸಿಕೊಂಡು 1,600ಕ್ಕೂ ಹೆಚ್ಚು ಪುಟ ಕೈಯಲ್ಲಿ ಬರೆದ. ಪ್ರಕಾಶಕರು ವಾಪಸ್ ಕಳಿಸಿದರು. 1911ರಲ್ಲಿ ಲಿವರ್‌ಪೂಲ್‌ನಲ್ಲಿ ಕ್ಷಯದಿಂದ ತೀರಿಕೊಂಡಾಗ ದಿಕ್ಕಿಲ್ಲದವರ ಗುಂಡಿಯಲ್ಲಿ ಹೂತರು. ಮಗಳು ಕ್ಯಾಥ್ಲೀನ್ ಕಾಗದಗಳನ್ನು ಕಾಪಾಡಿಕೊಂಡಿದ್ದರಿಂದ 1914ರಲ್ಲಿ ‘ದಿ ರ್‍ಯಾಗೆಡ್ ಟ್ರೌಸರ್ಡ್ ಫಿಲಾಂತ್ರಪಿಸ್ಟ್ಸ್’ ಅಚ್ಚಾಯಿತು, ಅದೂ ಬೇಕಾದಷ್ಟು ಕತ್ತರಿಸಿ. ಪೂರ್ತಿ ಬಂದದ್ದು 1955ರಲ್ಲಿ. ಹರಕು ಪ್ಯಾಂಟಿನ ದಾನಿಗಳು ಅಂತ ಅರ್ಥ: ತಮ್ಮ ದುಡಿಮೆಯನ್ನೇ ಸಾಹುಕಾರರಿಗೆ ದಾನ ಕೊಡುವವರು. ಪೂರ್ತಿ ಪ್ರತಿಯನ್ನು ಬೇರೆ ಊರಿಂದ ತರಿಸಿಕೊಟ್ಟ ನಮ್ಮ ಲೈಬ್ರರಿ ಅಣ್ಣನಿಗೆ ಥ್ಯಾಂಕ್ಸ್. ಎರಡು ಸಲ ತಡವಾಗಿ ಕೊಟ್ಟರೂ ದಂಡ ಹಾಕಲಿಲ್ಲ.

ಅಪ್ಪನಿಗೆ ನಿದ್ದೆ ಬರುತ್ತಿರಲಿಲ್ಲ. ಸುಮ್ನೆ ಕೂರೋ ಬದಲು ಆ ಕಾದಂಬರಿಯನ್ನೇ ಕನ್ನಡದಲ್ಲಿ ಹೇಳತೊಡಗಿದೆ. ಪೈಪ್ ಸೇದಿದ್ದಕ್ಕೆ ಮುದುಕ ಲಿಂಡನ್‌ನನ್ನು ಕೆಲಸದಿಂದ ತೆಗೆದದ್ದು ಕೇಳಿ, “ಬೀಡಿಗೆ ನಮ್ಮಲ್ಲೂ ಹೀಗೇ” ಅಂದರು. ಕಥಾನಾಯಕ, ಪೇಂಟರ್ ಓವೆನ್ ಬ್ರೆಡ್ ಚೂರುಗಳಿಂದ ಲೆಕ್ಕ ತೋರಿಸುವ ಜಾಗ ಬಂದಾಗ ಆಸ್ಪತ್ರೆಯ ಬ್ರೆಡ್ಡನ್ನೇ ಚೂರು ಮಾಡಿದೆ. ಮೂರು ಚೂರು ಮಾಡಿದವನಿಗೆ ಒಂದು ಪೌಂಡ್ ಬಟವಾಡೆ. ಅದೇ ಪೌಂಡ್ ಕೊಟ್ಟು ಒಂದು ಚೂರು ಕೊಂಡು ತಿನ್ನಬೇಕು. ಧಣಿಯ ಹತ್ತಿರ ಎರಡು ಚೂರೂ ಉಳಿಯಿತು, ದುಡ್ಡೂ ವಾಪಸ್ ಬಂತು. ಪಕ್ಕದ ಬೆಡ್‌ನ ಹೋಟೆಲ್ ಭಟ್ಟರು ಧಣಿ ಆಗಿ, ನಿಜವಾಗಿಯೂ ಎಲ್ಲಾ ತಿಂದುಬಿಟ್ಟರು. ಅವರಿಗೂ ಥ್ಯಾಂಕ್ಸ್.

ಅದರಲ್ಲಿ ಬರುವ ಇನ್ನೊಬ್ಬ ಕೆಲಸಗಾರ ಫಿಲ್ಪಾಟ್ ಅಂದರೆ ಅಪ್ಪನಿಗೆ ಇಷ್ಟ. ತಮಾಷೆ ಮಾಡಿಕೊಂಡಿರುವ ಒಳ್ಳೆ ಮನುಷ್ಯ. ಸವೆದ ಹಗ್ಗ ಕಿತ್ತು ದೊಡ್ಡ ಏಣಿ ಮೈಮೇಲೆ ಬಿದ್ದು ಅವನು ಸಾಯುತ್ತಾನೆ. ಆ ಅಧ್ಯಾಯ ಬಂದಾಗ ಬಾಯಿ ಬರಲಿಲ್ಲ. ಹಾರಿಸಿದೆ. ಎರಡು ರಾತ್ರಿ ಕಳೆದ ಮೇಲೆ ಅಪ್ಪ ಕೇಳಿದರು, “ಆ ಫಿಲ್ಪಾಟು ಕಾಣ್ತಾನೇ ಇಲ್ವಲ್ಲಮ್ಮಾ, ಕೆಲ್ಸ ಬಿಟ್ನಾ?”

ಹೇಳಿದೆ. ವಿಚಾರಣೆಯಲ್ಲಿ ಆಕಸ್ಮಿಕ ಸಾವು ಅಂತ ತೀರ್ಮಾನ ಆದದ್ದನ್ನೂ ಹೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಗ್ಗ ಸವೆದಿರೋದು ಹಿಡಿದ ಕೈಗೆ ಗೊತ್ತಾಗುತ್ತೆ. ನನ್ ಹಲಗೇನೂ ನಂಗೆ ಗೊತ್ತಾಗಿತ್ತು. ಹೇಳಿದ್ರೆ ನಾಳೆ ಕೆಲ್ಸ ಇರಲ್ಲ” ಅಂದರು. ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಆ ಮಾತಿನಿಂದ ಬೆಳೆದದ್ದು. ಅಡಿಟಿಪ್ಪಣಿಯಲ್ಲಿ ಹಾಕೋಕೆ ಆಗಲಿಲ್ಲ. ಇಲ್ಲಿ ಹಾಕಿದ್ದೇನೆ.

ಐದನೇ ಅಧ್ಯಾಯ ವಾಲ್ಟರ್ ಗ್ರೀನ್‌ವುಡ್‌ನ 1933ರ ಕಾದಂಬರಿ ‘ಲವ್ ಆನ್ ದ ಡೋಲ್’ ಬಗ್ಗೆ. ಮನೆಯಲ್ಲಿ ಬೇರೆ ಯಾರಾದರೂ ದುಡಿದರೆ ನಿರುದ್ಯೋಗಿಯ ಭತ್ಯೆಗೆ ಕತ್ತರಿ ಹಾಕುವ ಮೀನ್ಸ್ ಟೆಸ್ಟ್ ಅದರಲ್ಲಿ ಬರುತ್ತದೆ. ಅದನ್ನು ಬರೆಯುವ ಹೊತ್ತಿಗೆ ಅಪ್ಪನ ಪರಿಹಾರದ ಅರ್ಜಿ ಹಿಡಿದು ಒಂದು ಕಚೇರಿ ಸುತ್ತುತ್ತಿದ್ದೆ. “ಮಗಳಿಗೆ ಫೆಲೋಶಿಪ್ ಬರುತ್ತಲ್ಲಾ?” ಅಂತ ಕೇಳಿದರು. ಜಾಸ್ತಿ ಹೇಳಲ್ಲ. ಆ ವರ್ಷ ನಾಲ್ಕು ಮನೆ ಅಡುಗೆ ಮಾಡಿ ಬಾಡಿಗೆ ಕಟ್ಟಿದ ಅಮ್ಮನಿಗೆ ಥ್ಯಾಂಕ್ಸ್ ಅಂದರೆ ಬೈಯುತ್ತಾಳೆ, ಆದರೂ ಥ್ಯಾಂಕ್ಸ್.

ಅಪ್ಪ ಈಗ ಕೋಲು ಹಿಡಿದು ಓಡಾಡುತ್ತಾರೆ. ಏಣಿ ಹತ್ತೋ ಹಾಗಿಲ್ಲ. ಮೊನ್ನೆ ಬೈಂಡ್ ಆದ ಪ್ರಬಂಧ ಕೈಗೆ ಕೊಟ್ಟೆ. ಒಳಗೆ ತೆಗೆದು ನೋಡಲಿಲ್ಲ. ರಟ್ಟಿನ ಮೇಲಿನ ಚಿನ್ನದ ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿ, ಕಣ್ಣಿಗೆ ಹತ್ತಿರ ಹಿಡಿದು, “ನಿನ್ ಹೆಸರಲ್ಲಿ ಗ್ಯಾಪ್ ಸರಿ ಬಿಟ್ಟಿಲ್ಲ ಕಣಮ್ಮಾ” ಅಂದರು.