ಅಜ್ಜಿಯ ಉಸಿರಿಗೆ ಜಾಗ ಬಿಡು

ಪೆರ್ಲ
ಪತ್ತನಾಜೆಯ ಮಾರನೆಯ ದಿನ

ಪ್ರೀತಿಯ ಪುಟ್ಟೀ,

ಅಜ್ಜಿಯ ತೊಟ್ಟಿಲ ಹಾಡನ್ನೂ ಚೆಂಡೆಯನ್ನೂ ಕಂಪ್ಯೂಟರಿನಲ್ಲಿ ಬೆರೆಸಿ ನೀನು ಮಾಡಿ ಕಳಿಸಿದ ಹಾಡು ಬಂದು ವಾರವಾಯಿತು. ಫೋನಿನಲ್ಲಿ ಒಂದು ಸಲ ಕೇಳಿ ಎರಡು ಸಾಲು ಬರೆದು ಮುಗಿಸುವ ಹಾಡಲ್ಲ ಅನಿಸಿತು, ಅದಕ್ಕೇ ತಡವಾಯಿತು. ರಾತ್ರಿ ಊಟ ಮುಗಿಸಿ, ಚಾವಡಿಯ ದೀಪ ಆರಿಸಿ, ಹೆಡ್‌ಫೋನ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆ. ಚೆಂಡೆಯ ಪೆಟ್ಟನ್ನು ರಿವರ್ಸ್ ಮಾಡಿದ್ದೀಯಲ್ಲ, ಮೊದಲು ಗುಂಯ್‌ಗುಡುವಿಕೆ, ಕೊನೆಗೆ ಪೆಟ್ಟು. ಯಾರೋ ಶಬ್ದವನ್ನು ಒಳಕ್ಕೆ ಎಳೆದುಕೊಂಡು ತಟಕ್ಕನೆ ಬಾಯಿ ಮುಚ್ಚಿದ ಹಾಗೆ. ನಲವತ್ತು ವರ್ಷ ಯಕ್ಷಗಾನ ಆಟದ ಚೆಂಡೆ ಕೇಳಿದ ಈ ಕಿವಿಗೆ ಅದು ಹೊಸತು. ಆ ಜಾಗವನ್ನು ಇನ್ನು ಮುಟ್ಟಬೇಡ, ಹಾಗೇ ಇರಲಿ.

ಆಮೇಲೆ ಅಜ್ಜಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಸ್ವರ ನನ್ನದೇ. ಆದರೆ ಉಸಿರು ತೆಗೆಯಲಿಕ್ಕೆ ಬಿಡುವುದಿಲ್ಲವಲ್ಲ ಇವಳು" ಅಂದರು. ಅಷ್ಟೇ. ಸಿಟ್ಟಿನಿಂದ ಹೇಳಿದ್ದಲ್ಲ. ಎದ್ದು ಹೋಗಿ ಮಲಗಿದರು. ಆ ಒಂದು ಮಾತು ನನ್ನನ್ನು ಬಿಡದೆ ಕಾಡಿದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ.

ನೀನು ಹಂಚಿಕೊಂಡ ಪ್ರಾಜೆಕ್ಟ್ ಫೋಲ್ಡರನ್ನು ತೆರೆದು ನೋಡಿದೆ. ಹಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಲಿಕ್ಕೆ ಅಂತ ನೀನೇ ಹಾಕಿಕೊಟ್ಟ ಏಬಲ್‌ಟನ್ ಲೈವ್ ಎಂಬ ಸಂಗೀತದ ಸಾಫ್ಟ್‌ವೇರು ಈಗ ನನಗೂ ಕೈಗೆ ಹತ್ತಿದೆ. ಪ್ರಾಜೆಕ್ಟಿನ ಟೆಂಪೋ ನಿಮಿಷಕ್ಕೆ 124 ಬೀಟ್. ಅಜ್ಜಿಯ ತೊಟ್ಟಿಲ ಹಾಡಿನ ಕ್ಲಿಪ್ಪಿಗೆ ವಾರ್ಪ್, ಅಂದರೆ ತಾಳಕ್ಕೆ ಸರಿಯಾಗಿ ಹಿಗ್ಗಿಸಿ ಕುಗ್ಗಿಸುವುದು, ಆನ್; ಅದರ ಮೋಡ್ ಬೀಟ್ಸ್. ದೊಡ್ಡದು ಮಾಡಿ ನೋಡಿದರೆ ಸಾಫ್ಟ್‌ವೇರು ಗುರುತು ಹಾಕಿದ್ದು ಅಜ್ಜಿಯ ಅಕ್ಷರಗಳ ಮೇಲೆ ಅಲ್ಲವೇ ಅಲ್ಲ, ತೊಟ್ಟಿಲ ಕೊಂಡಿ ಕಿರ್ರ್ ಅನ್ನುವ ಜಾಗದಲ್ಲಿ! ಅದಕ್ಕೆ ಚೂಪಾದ ಶಬ್ದವೇ ತಾಳ. ಆ ಗುರುತುಗಳನ್ನೆಲ್ಲ ನೀನು ತಾಳದ ಗ್ರಿಡ್ಡಿಗೆ ಎಳೆದು ಕೂರಿಸಿದ್ದೀಯ. ಹೋದ ವರ್ಷ ಚಿಕ್ಕಮ್ಮನ ಮೊಮ್ಮಗುವನ್ನು ಮಲಗಿಸುವಾಗ ನೀನೇ ರೆಕಾರ್ಡ್ ಮಾಡಿದ್ದು, ನೆನಪು ಮಾಡಿಕೋ. ಒಂದು ಸಾಲು ಹಾಡಿ, ಕೈ ಚಾಚಿ ಹಗ್ಗ ಎಳೆದು, ತೊಟ್ಟಿಲು ಆಚೆ ಹೋಗಿ ಈಚೆ ಬರುವ ತನಕ ಅಜ್ಜಿ ಕಾಯುತ್ತಿದ್ದರು. ಮಗು ಮಿಸುಕಿದರೆ ಬೇಗ, ಕಣ್ಣು ಕೂಡಿದರೆ ನಿಧಾನ. ಆ ಕಾಯುವಿಕೆ ಹಾಡಿನ ಅರ್ಧ ಭಾಗ. ಅದನ್ನು ಖಾಲಿ ಅಂತ ತಿಳಿದು ನೀನು ಅಳಿಸಿದೆ.

ಕತ್ತರಿಸಬೇಡ ಅಂತ ನಾನು ಹೇಳುವುದಿಲ್ಲ. ಕತ್ತರಿಸು, ಎಳೆ, ತಿರುಗಿಸು, ಪುಡಿ ಮಾಡು. ನಿನ್ನ ಕೆಲಸವೇ ಅದು, ಅದರಲ್ಲಿ ನಿನಗೆ ಕೈಗುಣ ಉಂಟು. ಆದರೆ ಅಜ್ಜಿಯನ್ನು ಮೆಟ್ರೋನೋಮಿನ ಹಿಂದೆ ಓಡಿಸುವ ಬದಲು ಮೆಟ್ರೋನೋಮನ್ನು ಅಜ್ಜಿಯ ಹಿಂದೆ ನಡೆಸಿ ನೋಡು. ಅರೇಂಜ್‌ಮೆಂಟ್ ವ್ಯೂನಲ್ಲಿ ಒಂದು ವಾರ್ಪ್ ಕ್ಲಿಪ್ಪನ್ನೇ ಟೆಂಪೋ ಲೀಡರ್ ಮಾಡಲಿಕ್ಕೆ ಆಗುತ್ತದೆ. ಅಜ್ಜಿಯ ಸಾಲುಗಳ ತಲೆಗೆ ಕೈಯಾರೆ ಒಂದೊಂದು ಮಾರ್ಕರ್ ಹಾಕು, ಬೇರೇನೂ ಬೇಡ, ಆಮೇಲೆ ಆ ಕ್ಲಿಪ್ಪಿಗೆ ಮುಂದಾಳುತನ ಕೊಡು. ನಿನ್ನ ಕಿಕ್ಕು, ಬೇಸು ಎಲ್ಲ ಅವರೊಟ್ಟಿಗೆ ಹಿಗ್ಗಿ ಕುಗ್ಗುತ್ತವೆ. ನಾನು ಹಾಗೆ ಮಾಡಿ ಕೇಳಿದೆ. ಡ್ರಮ್ಮುಗಳೇ ತೊಟ್ಟಿಲು ತೂಗಿದ ಹಾಗೆ ಆಯಿತು. ಮತ್ತೆ, ಒಂಟಿ ಸ್ವರಕ್ಕೆ ಬೀಟ್ಸ್ ಮೋಡ್ ಹಾಕಬೇಡ, ಅಜ್ಜಿ ತೊದಲಿದ ಹಾಗೆ ಕೇಳುತ್ತದೆ. ಟೋನ್ಸ್ ಅಥವಾ ಕಾಂಪ್ಲೆಕ್ಸ್ ಪ್ರೋ ಇಡು. ಬೀಟ್ಸ್ ಚೆಂಡೆಗೆ ಸರಿ.

ಇನ್ನೊಂದು ಸಂಗತಿ ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು. ಫೋಲ್ಡರಿನಲ್ಲಿ ಕ್ರಾಪ್ ಮಾಡಿದ 40 ಸೆಕೆಂಡಿನ ತುಂಡು ಮಾತ್ರ ಉಂಟು. ಪೂರ್ತಿ ರೆಕಾರ್ಡಿಂಗ್ ಕಾಣಲಿಲ್ಲ. ಅದು ಎಲ್ಲಿ, ಪುಟ್ಟೀ?

ನಾನು ಯಾರಿಗೂ ಹೇಳದ ಒಂದು ವಿಷಯ ನಿನಗೆ ಹೇಳುತ್ತೇನೆ. 1985ರಲ್ಲಿ ಇಲ್ಲೇ ಹತ್ತಿರದ ಗದ್ದೆಯಲ್ಲಿ ನಡೆದ ಆಟವನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿದ್ದೆ, ಸುಮಾರು ಮೂರು ಗಂಟೆಯಷ್ಟು. ಒಬ್ಬರು ಕ್ಯಾಸೆಟ್ ಮಾಡಿಸಲಿಕ್ಕೆ ಕೇಳಿದರು. ಆ ಕ್ಯಾಸೆಟ್ಟಿನಲ್ಲಿ ಹಿಡಿಯುವುದು 60 ನಿಮಿಷ, ಒಂದು ಬದಿಗೆ 30. ನನ್ನ ಸ್ಪೂಲಿನದು ಕಾಲಿಂಚು ಅಗಲದ ಟೇಪು, ಸೆಕೆಂಡಿಗೆ ಏಳೂವರೆ ಇಂಚು ಓಡುತ್ತದೆ. ಯಂತ್ರದ ಹೆಡ್ಡಿನ ಮೇಲೆ ಟೇಪನ್ನು ಕೈಯಿಂದ ಆಚೀಚೆ ಉಜ್ಜಿ ಪೆಟ್ಟಿನ ಜಾಗ ಹುಡುಕಬೇಕು, ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಬ್ಲೇಡಿನಿಂದ ಓರೆಯಾಗಿ ಕೊಯ್ಯಬೇಕು. ನೇರ ಕೊಯ್ದರೆ ಜೋಡಿಸಿದಲ್ಲಿ ಟಕ್ ಅನ್ನುತ್ತದೆ, ಓರೆ ಕೊಯ್ದರೆ ಒಂದು ಶಬ್ದ ಇನ್ನೊಂದರೊಳಗೆ ಜಾರುತ್ತದೆ. ನಿನ್ನ ಕ್ಲಿಪ್ಪಿನ ಅಂಚಿನಲ್ಲಿ ನಾಲ್ಕೈದು ಮಿಲಿಸೆಕೆಂಡಿನ ಫೇಡ್ ಇರುತ್ತದಲ್ಲ, ಅದೇ ಇದು. ಎರಡು ರಾತ್ರಿ ಕೂತು ಕೊಯ್ದೆ. ಪದ್ಯ ಹಾಡುವ ಭಾಗವತರು ಗಂಟಲು ಸರಿಮಾಡಿಕೊಂಡದ್ದು, ಶ್ರುತಿಗೆ ಕಾದದ್ದು, ಪದ್ಯ ಎತ್ತುವ ಮೊದಲು ಜಾಗಟೆ ಹಿಡಿದ ಕೈ ಒಂದು ಕ್ಷಣ ನಿಂತದ್ದು, ಸಭೆಯ ಮಕ್ಕಳ ಅಳು, ಎಲ್ಲ ತೆಗೆದೆ. ತೆಗೆದ ತುಂಡುಗಳು ಮೇಜಿನ ಕೆಳಗೆ ಬಡಗಿಯ ಹತ್ತರಿಯ ಸಿಪ್ಪೆಯ ಹಾಗೆ ಸುರುಳಿ ಸುರುಳಿಯಾಗಿ ಬಿದ್ದಿದ್ದವು. ಬೆಳಿಗ್ಗೆ ಅದನ್ನೆಲ್ಲ ಬಾಚಿ ಬಚ್ಚಲ ಒಲೆಗೆ ಹಾಕಿದೆ.

ಮುಂದೆ ಎರಡೇ ವರ್ಷದಲ್ಲಿ ಆ ಭಾಗವತರು ತೀರಿಕೊಂಡರು. ಈಗ ಆ ಕ್ಯಾಸೆಟ್ ಕೇಳಿದರೆ ಪದ್ಯದ ಬೆನ್ನಿಗೆ ಪದ್ಯ, ಪದ್ಯದ ಬೆನ್ನಿಗೆ ಪದ್ಯ. ಅವರ ಸ್ವರ ಉಂಟು, ಅವರಿಲ್ಲ. ಪದ್ಯ ಎತ್ತುವ ಮೊದಲು ಅವರು ಹೇಗೆ ನಿಲ್ಲುತ್ತಿದ್ದರು ಎಂದು ಅವರ ಮೊಮ್ಮಗ ಬಂದು ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ, ನಾನೇ ಸುಟ್ಟಿದ್ದೆ.

ನಿನಗೆ ಆ ಕಷ್ಟ ಇಲ್ಲ. ಕ್ಲಿಪ್ಪನ್ನು ಎಷ್ಟು ಎಳೆದರೂ ಡಿಸ್ಕಿನಲ್ಲಿರುವ ಮೂಲ ಫೈಲಿಗೆ ಏನೂ ಆಗುವುದಿಲ್ಲ. ಅಷ್ಟು ದೊಡ್ಡ ಅನುಕೂಲ ಕೈಯಲ್ಲಿದ್ದೂ ಜಾಗ ಉಳಿಸಲಿಕ್ಕೆ ಮೂಲವನ್ನೇ ಅಳಿಸುವುದು ಬೇಡ. ಪ್ರಾಜೆಕ್ಟ್ ಮುಗಿದಾಗ 'ಕಲೆಕ್ಟ್ ಆಲ್ ಆ್ಯಂಡ್ ಸೇವ್' ಒತ್ತಿ ಬಳಸಿದ ಫೈಲುಗಳನ್ನೆಲ್ಲ ಒಂದೇ ಕಡೆ ಸೇರಿಸು, ಎರಡು ಡಿಸ್ಕಿನಲ್ಲಿ ಇಡು, ಒಂದು ನಮ್ಮ ಮನೆಯಲ್ಲಿರಲಿ. ಅಹಮದಾಬಾದಿನ ಎನ್‌ಐಡಿ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತ ಮಾಡಿದ್ದರು, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ದಶಕಗಟ್ಟಲೆ ಆ ಸುದ್ದಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಈಚೆಗೆ ಅಲ್ಲಿನ ಆರ್ಕೈವಿನಲ್ಲಿ ಟೇಪುಗಳು ಸಿಕ್ಕಿದ ಮೇಲೆ ಲೋಕಕ್ಕೆ ಕೇಳಿಸಿತು. ಯಾರೋ ಪುಣ್ಯಾತ್ಮರು ಅವನ್ನು ಎಸೆಯದೆ ಕಪಾಟಿನಲ್ಲಿ ಇಟ್ಟಿದ್ದರು ನೋಡು.

ಹಾಡಿಗೆ ಬರುತ್ತೇನೆ. ತ್ರಿವುಡೆ ತಾಳದ ಭಾಗವನ್ನು ಎಂಟು ಬೀಟಿಗೆ ಹಿಗ್ಗಿಸಿದ್ದೀಯ, ಅದು ನನಗೆ ಸರಿ ಕಾಣಲಿಲ್ಲ. ತ್ರಿವುಡೆ ಏಳು. ಏಳನ್ನು ಎಂಟು ಮಾಡಿದರೆ ಕುಣಿಯುವವನ ಒಂದು ಕಾಲು ಗಾಳಿಯಲ್ಲೇ ಉಳಿಯುತ್ತದೆ. ಚೆಂಡೆಯ ಕ್ಲಿಪ್ಪಿನ ಲೂಪ್ ಉದ್ದವನ್ನು 7 ಬೀಟ್ ಇಡು, ನಿನ್ನ ಡ್ರಮ್ಮಿನದು 4 ಇರಲಿ. ಎರಡೂ ತಮ್ಮಷ್ಟಕ್ಕೆ ಸುತ್ತುತ್ತ 28 ಬೀಟಿಗೊಮ್ಮೆ ಒಟ್ಟಿಗೆ ಮೊದಲ ಪೆಟ್ಟಿಗೆ ಬಂದು ಬೀಳುತ್ತವೆ. ಆ ಬೀಳುವ ಜಾಗಕ್ಕೆ ಮುಕ್ತಾಯದ ಪೆಟ್ಟು ಇಟ್ಟು ನೋಡು, ಮೈ ಜುಂ ಅನ್ನುತ್ತದೆ. ಏರಿಳಿತ ಬರೆಯುವ ಗೆರೆ ಉಂಟಲ್ಲ, ಕ್ಲಿಪ್ ಎನ್ವಲಪ್, ಅದನ್ನೂ ಹಾಗೇ ಕ್ಲಿಪ್ಪಿನ ಉದ್ದದಿಂದ ಬಿಡಿಸಿ ಇಡಬಹುದು. ವಾಲ್ಯೂಮಿಗೆ 3 ಬೀಟಿನ ಎನ್ವಲಪ್ ಕೊಟ್ಟರೆ ಅದೇ ಏಳು ಪೆಟ್ಟು ಪ್ರತಿ ಸುತ್ತಿನಲ್ಲೂ ಬೇರೆ ಬೇರೆ ಕಡೆ ತಲೆ ಎತ್ತುತ್ತದೆ.

ದೇವರ ಕೋಣೆಯ ಗಂಟೆಯನ್ನೂ ರೆಕಾರ್ಡ್ ಮಾಡಿದ್ದೆಯಲ್ಲ, ಅದನ್ನು ಬಳಸಲೇ ಇಲ್ಲ. ಅದರ ಸ್ಟಾರ್ಟ್ ಮಾರ್ಕರನ್ನು ಪೆಟ್ಟು ದಾಟಿ ಸ್ವಲ್ಪ ಆಚೆಗೆ ಸರಿಸು. ಗಂಟೆ ಗಂಟೆಯಾಗಿ ಉಳಿಯುವುದಿಲ್ಲ, ಕೊಳಲಿನ ಹಾಗೆ ಊದುತ್ತದೆ. 1948ರಲ್ಲಿ ಪ್ಯಾರಿಸಿನ ರೇಡಿಯೋದಲ್ಲಿ ಪಿಯರ್ ಶೆಫರ್ ಎಂಬವರು ಧ್ವನಿಮುದ್ರಣದ ಡಿಸ್ಕುಗಳ ಮೇಲೆ ಇದೇ ಕೆಲಸ ಮಾಡಿ ಬೆರಗಾಗಿದ್ದರು. ಶಬ್ದದ ಗುರುತು ಬಹುಮಟ್ಟಿಗೆ ಅದರ ಮೊದಲ ಕ್ಷಣದಲ್ಲೇ ಅಡಗಿರುತ್ತದೆ ಎಂದು ಅವರು ಕಂಡುಕೊಂಡದ್ದು ಹಾಗೆ. ಅಡಿಕೆ ಸೋಗೆಯ ಮೇಲೆ ಬೀಳುವ ಮಳೆಗೆ ಮಾತ್ರ ಟೆಕ್ಸ್ಚರ್ ಮೋಡ್. ಗ್ರೇನ್ ಸೈಜ್, ಅಂದರೆ ಶಬ್ದವನ್ನು ಒಡೆಯುವ ಚೂರಿನ ಅಳತೆ, ದೊಡ್ಡದು ಮಾಡಿ ನಾಲ್ಕು ಪಟ್ಟು ಎಳೆದರೆ ಒಂದೊಂದು ಹನಿಯೂ ಮಂಜಿನ ಹಾಗೆ ಹರಡುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಭೂತದ ನೇಮದಲ್ಲಿ ಹಿಡಿದ ಪಾಡ್ದನದ, ಭೂತದ ಕತೆ ಹೇಳುವ ತುಳು ಹಾಡಿನ, ತುಂಡು ಹಾಡಿನ ಕೊನೆಗೆ ಉಂಟು. ಅದನ್ನು ತೆಗೆ. ಹೇಳಿದವರನ್ನು ಕೇಳಿದ್ದೀಯಾ, ಆ ತರವಾಡು ಮನೆತನದ ಹಿರಿಯರನ್ನು ಕೇಳಿದ್ದೀಯಾ? ಅವರು ಹೂಂ ಅಂದರೆ ಮತ್ತೆ ಹಾಕು, ಇಲ್ಲ ಅಂದರೆ ಅಲ್ಲಿಗೆ ಬಿಡು. ಹಳೆ ಕ್ಯಾಸೆಟ್ಟುಗಳಿಂದ ತೆಗೆಯುವುದಿದ್ದರೂ ಅಷ್ಟೇ, ಪ್ರಕಟವಾದ ಧ್ವನಿಮುದ್ರಣಕ್ಕೆ ನಮ್ಮ ಕಾನೂನಿನಲ್ಲಿ 60 ವರ್ಷದ ಹಕ್ಕು ಉಂಟು. ಅಜ್ಜಿಯನ್ನೂ ನೀನು ಕೇಳಿರಲಿಲ್ಲ. ಮೊಮ್ಮಗಳು, ಕೇಳುವುದೇನು ಅಂದುಕೊಂಡಿರಬಹುದು. ನಿನ್ನ ಪರವಾಗಿ ನಾನು ಕೇಳಿದೆ. "ಇನ್ನೊಮ್ಮೆ ಸರಿಯಾಗಿ ಹಾಡುತ್ತೇನೆ, ಬರಲಿಕ್ಕೆ ಹೇಳು" ಅಂದರು.

ಹಾಗಾಗಿ ಬಾ. ಮಳೆಗಾಲದ ಆಟಿ ತಿಂಗಳಲ್ಲಿ ಬಂದರೆ ಒಳ್ಳೆಯದು, ಸುರಂಗದಲ್ಲಿ ನೀರು ಚೆನ್ನಾಗಿ ಹರಿಯುತ್ತಿರುತ್ತದೆ. ನೀರಿಗಾಗಿ ನಿನ್ನ ಮುತ್ತಜ್ಜ ಗುಡ್ಡದ ಮುರಕಲ್ಲಿಗೆ ಅಡ್ಡಡ್ಡ ತೋಡಿಸಿದ ಸುರಂಗ ಈಗಲೂ ಗಟ್ಟಿಯಾಗಿದೆ. ಈ ಮನೆಗೆ ಬಂದ ದಿನದಿಂದ ಅಜ್ಜಿ ಅದರ ಬಾಯಿಯಿಂದಲೇ ನೀರು ಹೊತ್ತವರು. ಒಳಗೆ ಹೋಗಿ ಒಂದು ಬಲೂನು ಒಡೆದು ಅದರ ಪ್ರತಿಧ್ವನಿಯನ್ನು ಹಿಡಿಯೋಣ. ಆ ಫೈಲನ್ನು ಲೈವ್‌ನಲ್ಲಿ ಪ್ರತಿಧ್ವನಿ ಕೂಡಿಸುವ ಹೈಬ್ರಿಡ್ ರಿವರ್ಬಿಗೆ ಕೊಟ್ಟರೆ ಬೆಂಗಳೂರಿನ ನಿನ್ನ ಕೋಣೆಯಲ್ಲೂ ಅಜ್ಜಿಯ ಸ್ವರ ನಮ್ಮ ಸುರಂಗದೊಳಗೇ ಕೇಳುತ್ತದೆ. ಹಗಲಲ್ಲಿ ಬಾವಲಿ ಇರುತ್ತವೆ, ಸಂಜೆ ಅವು ಹೊರಗೆ ಹಾರಿಹೋದ ಮೇಲೆ ಹೋಗುವ.

ರೆಕಾರ್ಡರು, ಗಾಳಿತಡೆಯ ಟೊಪ್ಪಿ, ನಾಲ್ಕು ಬ್ಯಾಟರಿ ಹೆಚ್ಚಿಗೆ ತಾ, ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಭರವಸೆ ಇಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್, 24 ಬಿಟ್ ಇಟ್ಟುಕೋ, ಲೆವೆಲ್ ಮೈನಸ್ 12 ಡೆಸಿಬಲ್ ದಾಟಿಸಬೇಡ. ಅಜ್ಜಿಯ ಗಂಟಲು ಬೆಳಿಗ್ಗೆ ಹತ್ತು ಗಂಟೆಯ ತನಕ ಚೆನ್ನಾಗಿರುತ್ತದೆ, ಆಮೇಲೆ ಬಳಲುತ್ತದೆ. ಅವರು ಹಾಡಿ ಮುಗಿಸಿದ ಕೂಡಲೇ ಸ್ಟಾಪ್ ಒತ್ತಬೇಡ, ಸ್ವಲ್ಪ ಹೊತ್ತು ಓಡಲಿ.

ತೊಟ್ಟಿಲನ್ನು ಅಟ್ಟದಿಂದ ಇಳಿಸಿ ಒರೆಸಿ ಇಟ್ಟಿದ್ದೇನೆ. ಕೊಂಡಿಗೆ ಎಣ್ಣೆ ಹಾಕಿಲ್ಲ.

ನಿನ್ನ ಪ್ರೀತಿಯ
ಮಾವ