ಫಾರ್ಮಲಿನ್ ಸುರಿಯುವ ಮುನ್ನ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬೆಂಗಳೂರಿನ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ 26 ವರ್ಷ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದವಳು ನಾನು. ವೈದ್ಯೆಯಲ್ಲ, ವಿಜ್ಞಾನಿಯೂ ಅಲ್ಲ. ಮಕ್ಕಳ ಮಿದುಳಿನಿಂದ ತೆಗೆದ ಗಡ್ಡೆಯ ಒಂದು ಪಾಲನ್ನು ಸಾಯಲು ಬಿಡದೆ ಸಂಶೋಧನೆಗೆ ಉಳಿಸಿ ಎಂದು ಕೇಳಲು ಈ ಪತ್ರ. ಆಪರೇಷನ್ ಥಿಯೇಟರಿನಿಂದ ಬಂದ ಬಾಟಲಿಯ ಚೀಟಿ ಓದುವುದು, ಒಳಗಿನ ತುಣುಕನ್ನು ಮೇಣದಲ್ಲಿ ಹುದುಗಿಸುವುದು, ಕೂದಲೆಳೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುವುದು ನನ್ನ ಕೆಲಸವಾಗಿತ್ತು. ಚೀಟಿಯಲ್ಲಿ ವಯಸ್ಸಿನ ಮುಂದೆ 5, 7, 9 ಎಂದಿದ್ದರೆ ಎಷ್ಟು ವರ್ಷದ ಅನುಭವವಿದ್ದರೂ ಕೈ ಒಂದು ಕ್ಷಣ ತಡೆಯುತ್ತಿತ್ತು.

ಒಮ್ಮೆ ಹಾವೇರಿ ಕಡೆಯ ತಂದೆಯೊಬ್ಬರು ನಮ್ಮ ಕಿಟಕಿಯ ಬಳಿ ಬಂದು ನಿಂತರು. ಮಗಳಿಗೆ ಆರು ವರ್ಷ. ಬೆಳಿಗ್ಗೆ ಎದ್ದೊಡನೆ ವಾಂತಿ, ನಡೆದರೆ ತೂರಾಟ. ಊರಿನಲ್ಲಿ ಎರಡು ತಿಂಗಳು ಗ್ಯಾಸ್ಟ್ರಿಕ್ ಔಷಧಿ, ಜಂತುಹುಳುವಿನ ಮಾತ್ರೆ, ಕೊನೆಗೆ ದೃಷ್ಟಿ ತೆಗೆಸಿದ್ದೂ ಆಗಿತ್ತು. ಸ್ಕ್ಯಾನ್ ಮಾಡಿಸಿದಾಗ ಕಿರುಮಿದುಳಿನಲ್ಲಿ ಗಡ್ಡೆ. ಅವರು ರಿಪೋರ್ಟ್ ಕೇಳಲು ಬಂದವರಲ್ಲ. "ತೆಗೆದದ್ದನ್ನು ಏನು ಮಾಡುತ್ತೀರಮ್ಮಾ? ಮಗಳ ಮೈಯದೇ ಅಲ್ಲವೇ, ನಾವು ಒಯ್ದು ಮಣ್ಣು ಮಾಡಬೇಕೇ?" ಎಂದು ಕೇಳಿದರು. ಪರೀಕ್ಷೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಹಳದಿ ಚೀಲಕ್ಕೆ ಹಾಕಿ ಸುಡಲು ಕಳುಹಿಸುತ್ತೇವೆ ಎನ್ನಲು ನನಗೆ ಬಾಯಿ ಬರಲಿಲ್ಲ. "ಜೋಪಾನವಾಗಿ ಇಟ್ಟುಕೊಳ್ಳುತ್ತೇವೆ" ಎಂದೆ. ಸುಳ್ಳು ಹೇಳಿದೆ.

ಮಕ್ಕಳ ಮಿದುಳಿನ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಮೆಡುಲ್ಲೊಬ್ಲಾಸ್ಟೋಮಾ. ಆ ಹುಡುಗಿಗೆ ಇದ್ದದ್ದೂ ಅದೇ. ಇದಕ್ಕೆ ಚಿಕಿತ್ಸೆ ಇದೆ, ಒಳ್ಳೆಯ ಕೇಂದ್ರಗಳಲ್ಲಿ ಬಹಳಷ್ಟು ಮಕ್ಕಳು ಉಳಿಯುತ್ತಾರೆ. ಆದರೆ ಶಸ್ತ್ರಚಿಕಿತ್ಸೆಯ ಮೇಲೆ ಇಡೀ ಮಿದುಳಿಗೂ ಬೆನ್ನುಹುರಿಗೂ ವಿಕಿರಣ, ಅದರ ಮೇಲೆ ಕಿಮೊಥೆರಪಿ. ಉಳಿದ ಮಗುವಿನ ಎತ್ತರ, ಹಾರ್ಮೋನು, ಲೆಕ್ಕ ಕಲಿಯುವ ವೇಗ ಎಲ್ಲವೂ ಆ ವಿಕಿರಣಕ್ಕೆ ಸುಂಕ ಕಟ್ಟುತ್ತವೆ. ಇಷ್ಟೆಲ್ಲ ಆದ ಮೇಲೂ ಕೆಲವರಲ್ಲಿ ಗಡ್ಡೆ ಮರಳಿ ಬರುತ್ತದೆ. ಮರಳಿ ಬಂದರೆ ವೈದ್ಯರ ಕೈಯಲ್ಲಿ ಉಳಿದಿರುವ ಅಸ್ತ್ರಗಳು ಬಹಳ ಕಡಿಮೆ.

ಯಾಕೆ ಮರಳಿ ಬರುತ್ತದೆ ಎಂಬುದನ್ನು ಹೊಲದಲ್ಲಿ ಕೊನ್ನಾರಿ ಕಿತ್ತವರಿಗೆ ನಾನು ವಿವರಿಸಬೇಕಿಲ್ಲ. ಮೇಲಿನ ಹುಲ್ಲನ್ನು ಎಷ್ಟು ಸಲ ಸವರಿದರೂ ಮಣ್ಣಿನೊಳಗೆ ಕಡಲೆಕಾಳಿನಷ್ಟು ಗೆಡ್ಡೆ ಒಂದಿದ್ದರೆ ಸಾಕು, ಒಂದು ಮಳೆಗೆ ಹೊಲವೆಲ್ಲ ಹಸಿರು. ಕ್ಯಾನ್ಸರ್ ಗಡ್ಡೆಯ ಎಲ್ಲ ಕೋಶಗಳೂ ಒಂದೇ ಬಗೆಯವಲ್ಲ, ಅವುಗಳಲ್ಲಿ ಕೊನ್ನಾರಿ ಗೆಡ್ಡೆಯಂಥವು ಕೆಲವೇ ಎಂಬ ವಾದ ಮೊದಲು ಗಟ್ಟಿಯಾದದ್ದು ರಕ್ತದ ಕ್ಯಾನ್ಸರಿನಲ್ಲಿ, ಕೆನಡಾದ ಟೊರಾಂಟೊದ ವಿಜ್ಞಾನಿ ಜಾನ್ ಡಿಕ್ ಅವರ ಕೆಲಸದಿಂದ. ಇಂಥ ಕೋಶಗಳಿಗೆ ಕ್ಯಾನ್ಸರ್ ಆಕರಕೋಶ (ಸ್ಟೆಮ್ ಸೆಲ್) ಎಂದು ಹೆಸರು. ಅದೇ ಊರಿನ ಮಕ್ಕಳ ಆಸ್ಪತ್ರೆಯಲ್ಲಿ ನರಶಸ್ತ್ರಚಿಕಿತ್ಸಕ ಪೀಟರ್ ಡರ್ಕ್ಸ್ ಮತ್ತು ಆಗ ಅವರ ಬಳಿ ಸಂಶೋಧನೆ ಮಾಡುತ್ತಿದ್ದ ಶೀಲಾ ಸಿಂಗ್ 2003ರಲ್ಲಿ ಮಿದುಳಿನ ಗಡ್ಡೆಗಳಲ್ಲೂ ಇಂಥ ಕೋಶಗಳಿವೆ ಎಂದು ತೋರಿಸಿದರು. ಮರುವರ್ಷದ ಪ್ರಯೋಗವಂತೂ ಕಣ್ಣಿಗೆ ಕಟ್ಟುವಂತಿದೆ. ಸಿಡಿ133 ಎಂಬ ಗುರುತು ಹೊತ್ತ ಬರೀ 100 ಕೋಶಗಳನ್ನು ಇಲಿಯ ಮಿದುಳಿಗೆ ಹಾಕಿದರೆ ಮೂಲ ಗಡ್ಡೆಯಂಥದ್ದೇ ಗಡ್ಡೆ ಬೆಳೆಯಿತು. ಆ ಗುರುತಿಲ್ಲದ 1 ಲಕ್ಷ ಕೋಶಗಳನ್ನು ಹಾಕಿದರೂ ಬೆಳೆಯಲಿಲ್ಲ.

ಮುಂದೆ ತಕರಾರುಗಳೂ ಬಂದವು. ಸಿಡಿ133 ಇಲ್ಲದ ಕೋಶಗಳಿಂದಲೂ ಗಡ್ಡೆ ಹುಟ್ಟಬಹುದೆಂದು ಬೇರೆ ಪ್ರಯೋಗಾಲಯಗಳು ತೋರಿಸಿದವು. ಗುರುತಿನ ಚೀಟಿಯ ಬಗ್ಗೆ ಜಗಳ ಇನ್ನೂ ಇದೆ. ಆದರೆ 2014ರಲ್ಲಿ ಡರ್ಕ್ಸ್ ಅವರ ತಂಡವೇ ಇಲಿಗಳ ಮೆಡುಲ್ಲೊಬ್ಲಾಸ್ಟೋಮಾದಲ್ಲಿ ಸಾಕ್ಸ್2 ಎಂಬ ಪ್ರೋಟೀನ್ ಇರುವ, ವಿಭಜನೆಗೊಳ್ಳದೆ ಮಲಗಿರುವ ಕೆಲವೇ ಕೋಶಗಳನ್ನು ಗುರುತಿಸಿತು. ಕಿಮೊಥೆರಪಿ ಹೊಡೆಯುವುದು ಬೇಗ ಬೇಗ ವಿಭಜಿಸುವ ಕೋಶಗಳನ್ನು. ಮಲಗಿದ್ದವು ಉಳಿದುಕೊಂಡವು, ಆಮೇಲೆ ಎದ್ದವು. ಮೆಡುಲ್ಲೊಬ್ಲಾಸ್ಟೋಮಾದಲ್ಲೇ ಕೆಲವು ಗುಂಪುಗಳಿವೆ, ಅದು ಸಾನಿಕ್ ಹೆಡ್ಜ್‌ಹಾಗ್ ಎಂಬ ಗುಂಪಿನ ಗಡ್ಡೆ. (ವಿಡಿಯೊ ಗೇಮಿನ ಮುಳ್ಳುಹಂದಿಯ ಹೆಸರನ್ನು ವಿಜ್ಞಾನಿಗಳು ಹಿಂದೊಮ್ಮೆ ತಮಾಷೆಗೆ ಜೀನಿಗೆ ಇಟ್ಟರು, ಅದನ್ನು ಈಗ ಅಳುತ್ತಿರುವ ತಾಯಿಗೆ ವೈದ್ಯರು ವಿವರಿಸಬೇಕು.)

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ಆಕರಕೋಶ, ಸ್ಟೆಮ್ ಸೆಲ್ ಎಂದೊಡನೆ ನಮ್ಮ ಜನರಿಗೆ ನೆನಪಾಗುವುದು ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲವನ್ನೂ ಗುಣಪಡಿಸುತ್ತೇವೆಂಬ ಜಾಹೀರಾತುಗಳು. ನಾನು ಆ ಅಂಗಡಿಗಳ ಪರವಾಗಿ ಬರೆಯುತ್ತಿಲ್ಲ. ಅವುಗಳನ್ನು ಮುಚ್ಚಿಸಿದರೆ ಬೇರೆ ಪತ್ರ ಬರೆದು ಅಭಿನಂದಿಸುತ್ತೇನೆ. ಇಲ್ಲಿ ಆಕರಕೋಶ ಮದ್ದಲ್ಲ, ಹಿಡಿಯಬೇಕಾದ ಕಳ್ಳ.

ಆ ಕಳ್ಳನನ್ನು ಹಿಡಿಯಬೇಕಾದರೆ ಜೀವಂತವಾಗಿ ಹಿಡಿಯಬೇಕು. ನನ್ನ ದೂರು ಇರುವುದು ಇಲ್ಲಿಯೇ. ತುಣುಕು ಕೊಳೆಯದಂತೆ ಬಾಟಲಿಗೆ ಸುರಿಯುವ ರಾಸಾಯನಿಕ ಫಾರ್ಮಲಿನ್. ಅದು ಬಿದ್ದ ಕ್ಷಣದಿಂದ ಕೋಶಗಳು ಸಾಯುತ್ತವೆ. ರೋಗ ಯಾವುದೆಂದು ಹೇಳಲು ಅಷ್ಟು ಸಾಕು. ಮೇಣದ ಬಿಲ್ಲೆಯಿಂದಲೇ ಮೆಡುಲ್ಲೊಬ್ಲಾಸ್ಟೋಮಾ ಯಾವ ಗುಂಪಿನದೆಂದು ಗುರುತಿಸುವ ವಿಧಾನವನ್ನು ನವಿ ಮುಂಬೈನ ಆಕ್ಟ್ರೆಕ್ ಎಂಬ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು ರೂಪಿಸಿದ್ದಾರೆ ಕೂಡ. ಆದರೆ ಸತ್ತ ಕೋಶ ಮಲಗುವುದಿಲ್ಲ, ಏಳುವುದಿಲ್ಲ, ಯಾವ ಔಷಧಿಗೆ ಬಗ್ಗುತ್ತದೆಂದು ಹೇಳುವುದಿಲ್ಲ. ನಿವೃತ್ತಿಗೆ ಮೊದಲು ಒಂದು ಸಂಶೋಧನಾಲಯಕ್ಕೆ ಹೋಗಿದ್ದೆ. ತಣ್ಣಗಿನ ಪೋಷಕ ದ್ರವದಲ್ಲಿ ಕೆಲವೇ ಗಂಟೆಗಳಲ್ಲಿ ತಲುಪಿದ್ದ ತುಣುಕಿನಿಂದ ಬೆಳೆಸಿದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ತಟ್ಟೆಗೆ ಅಂಟದೆ ತೇಲುವ ಪುಟ್ಟ ಉಂಡೆಗಳು, ನೋಡಲು ಥೇಟ್ ಹಿಪ್ಪುನೇರಳೆ ಹಣ್ಣು. ಬಿಡಿಸಿ ಹಾಕಿದರೆ ಒಂಟಿ ಕೋಶದಿಂದ ಮತ್ತೊಂದು ಹಣ್ಣು ಕಟ್ಟಿಕೊಳ್ಳುತ್ತದೆ. ಇಪ್ಪತ್ತಾರು ವರ್ಷ ಸತ್ತ ಗಡ್ಡೆಯನ್ನೇ ನೋಡಿದ್ದ ನನಗೆ ಅಂದು ಮೈ ಜುಮ್ಮೆಂದಿತು.

ಜೀವಂತ ತುಣುಕಿನಿಂದ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಉದಾಹರಣೆ ಇದೆ. ಮಿದುಳುಕಾಂಡದಲ್ಲಿ ಹಬ್ಬುವ ಡಿಐಪಿಜಿ ಎಂಬ ಗಡ್ಡೆಯನ್ನು ಕೊಯ್ದು ತೆಗೆಯಲು ಬರುವುದಿಲ್ಲ. ಹೆಚ್ಚಿನ ಮಕ್ಕಳು ಒಂದು ವರ್ಷವೂ ಉಳಿಯುವುದಿಲ್ಲ. ಮಗು ತೀರಿಕೊಂಡ ಬಳಿಕ ತಂದೆತಾಯಿ ದಾನ ಮಾಡಿದ ಅಂಗಾಂಶದಿಂದ ಮಿಶೆಲ್ ಮೊಂಜೆ ಅವರ ತಂಡ ಕೋಶಗಳನ್ನು ಬೆಳೆಸಿ 2011ರಲ್ಲಿ ಪ್ರಕಟಿಸಿತು. ಅಂಥ ಕೋಶಗಳ ಮೈಮೇಲೆ ಚಿಕಿತ್ಸೆ ಗುರಿಯಿಡಬಹುದಾದ ಜಿಡಿ2 ಎಂಬ ಅಣು ಸಿಕ್ಕಿತು. 2022ರಲ್ಲಿ ಅದನ್ನೇ ಗುರಿಯಾಗಿಸಿದ ಕಾರ್-ಟಿ ಚಿಕಿತ್ಸೆ (ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಗಡ್ಡೆಯ ಮೇಲೆ ಬಿಡುವುದು) ಪಡೆದ ಮೊದಲ ನಾಲ್ವರ ವರದಿ ಬಂತು. ಮೂವರಲ್ಲಿ ಸುಧಾರಣೆ ಕಂಡಿತ್ತು. ಇದು ಗುಣವಾಯಿತೆಂಬ ಸುದ್ದಿಯಲ್ಲ. ಆದರೆ ಬಾಗಿಲೇ ಇಲ್ಲದ ಗೋಡೆಯಲ್ಲಿ ಬಿರುಕೊಂದು ಕಂಡದ್ದು ಆ ತಂದೆತಾಯಿಯರು ಕೊಟ್ಟದ್ದರಿಂದ.

ನಮ್ಮಲ್ಲಿ ಏನು ಕಡಿಮೆ ಇದೆ? ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ, ಅಲ್ಲಿ 1995ರಿಂದ ಮಿದುಳು ಬ್ಯಾಂಕ್ ನಡೆಯುತ್ತಿದೆ. ಅಲ್ಲಿಗೆ ಸಮೀಪದಲ್ಲೇ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ ಆಕರಕೋಶಗಳ ಅಧ್ಯಯನಕ್ಕೆಂದೇ ಇನ್‌ಸ್ಟೆಮ್ ಎಂಬ ಸಂಶೋಧನಾ ಸಂಸ್ಥೆ ಇದೆ. ಕೊಯ್ಯುವ ಕೈ, ಕಾಯಿಲೆ ಹೇಳುವ ಕಣ್ಣು, ಕೋಶ ಬೆಳೆಸುವ ತಟ್ಟೆ ಮೂರೂ ಒಂದೇ ಊರಿನಲ್ಲಿವೆ. ನಾನು ಕಂಡಷ್ಟರ ಮಟ್ಟಿಗೆ ಇವುಗಳ ನಡುವಿನ ದಾರಿ ನಿಂತಿರುವುದು ಒಬ್ಬ ವೈದ್ಯರಿಗೆ ಇನ್ನೊಬ್ಬ ವಿಜ್ಞಾನಿಯ ಪರಿಚಯ ಇದೆಯೇ ಎಂಬುದರ ಮೇಲೆ. ಆ ವೈದ್ಯರು ರಜೆ ಹಾಕಿದ ದಿನ ಬಾಟಲಿಗೆ ಫಾರ್ಮಲಿನ್ ಬೀಳುತ್ತದೆ.

ಆದ್ದರಿಂದ ಕಟ್ಟಡ ಕೇಳುತ್ತಿಲ್ಲ, ದಯವಿಟ್ಟು ಶಂಕುಸ್ಥಾಪನೆಯನ್ನೂ ಮಾಡಬೇಡಿ. ಬೇಕಾಗಿರುವುದು ರಾಜ್ಯದ ಯಾವ ಆಸ್ಪತ್ರೆಯಲ್ಲಿ ಮಗುವಿನ ಮಿದುಳಿನ ಗಡ್ಡೆ ತೆಗೆದರೂ, ರೋಗನಿರ್ಣಯಕ್ಕೆ ಬೇಕಾದದ್ದನ್ನು ಬಿಟ್ಟು ಉಳಿದದ್ದು ಜೀವಂತವಾಗಿ ಪ್ರಯೋಗಾಲಯ ತಲುಪುವ ಒಂದು ಸರ್ಕಾರಿ ಏರ್ಪಾಡು. ಥಿಯೇಟರಿನಲ್ಲಿ ಪೋಷಕ ದ್ರವದ ಸೀಸೆ, ಐಸ್ ಪೆಟ್ಟಿಗೆ ಹೊತ್ತೊಯ್ಯುವ ಒಬ್ಬ ಮನುಷ್ಯ, ಪಾಳಿಯಲ್ಲಿ ಕಾದಿರುವ ಒಬ್ಬ ತಂತ್ರಜ್ಞೆ, ಮತ್ತು ಆ ಮಗು ಮುಂದೆ ಹೇಗಿದೆ ಎಂದು ವರ್ಷಗಳವರೆಗೆ ಬರೆದಿಡುವ ಒಂದು ದಾಖಲೆ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಯಾವ ಮಗುವಿನಲ್ಲಿ ಗಡ್ಡೆ ಮರಳಿತು ಎಂಬುದು ಗೊತ್ತಿಲ್ಲದೆ ಫ್ರೀಜರಿನಲ್ಲಿರುವ ಕೋಶಕ್ಕೆ ಅರ್ಧ ಬೆಲೆಯೂ ಇಲ್ಲ.

ಒಪ್ಪಿಗೆಯ ವಿಷಯ. ನಮ್ಮಲ್ಲಿದ್ದ ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು. ಅಪ್ಪಂದಿರು ಓದದೆ ಸಹಿ ಹಾಕುತ್ತಿದ್ದರು, ಅಮ್ಮಂದಿರನ್ನು ಯಾರೂ ಕೇಳುತ್ತಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯ ಪ್ರಕಾರ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಗಡ್ಡೆ ಎಲ್ಲಿಗೆ ಹೋಗುತ್ತದೆ, ಯಾರು ನೋಡುತ್ತಾರೆ, ಬೇಡವೆಂದರೆ ಚಿಕಿತ್ಸೆಗೆ ತೊಂದರೆಯಿಲ್ಲ, ಇದರಿಂದ ನಿಮ್ಮ ಮಗುವಿಗೇ ಲಾಭವಾಗುತ್ತದೆಂದು ಹೇಳಲಾಗದು ಎಂಬ ನಾಲ್ಕು ಮಾತನ್ನು ದಪ್ಪಕ್ಷರದ ಕನ್ನಡದಲ್ಲಿ ಎರಡು ಪುಟದೊಳಗೆ ಬರೆಯಬಹುದು. ಮಕ್ಕಳಿಗಾಗಿ ಅರ್ಧ ಪುಟ ಬೇರೆ. ನಾನೊಂದು ಕರಡು ಬರೆದಿಟ್ಟಿದ್ದೇನೆ. ನೀವು ಹೇಳಿದ ದಿನ ವಿಕಾಸಸೌಧಕ್ಕೆ ತಂದು ಕೊಡುತ್ತೇನೆ.

ಇಂತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞೆ, ಬೆಂಗಳೂರು