ಬಂದರಿನ ದೀಪಕ್ಕೊಂದು ಮಸೂರ: ನಮ್ಮ ಕನ್ನಡ ಶಾಲೆಯ ಮಾದರಿಗೆ ದೇಣಿಗೆ ಮನವಿ

ಮಾನ್ಯ ಪೋಷಕರೇ, ಬಂಧುಗಳೇ,

ಚಿಕಾಗೋ ದಡದಿಂದ ನೀರಿಗೆ ಚಾಚಿದ ಕಟ್ಟೆಯಾದ ನೇವಿ ಪಿಯರ್‌ನ ತುದಿಯಲ್ಲಿ ನಿಂತರೆ ಮಿಷಿಗನ್ ಸರೋವರದ ಅಲೆತಡೆಗೋಡೆಯ ಮೇಲೆ ಬಿಳಿ ಗೋಪುರವೊಂದು ಕಾಣುತ್ತದೆ. ಅದು ಚಿಕಾಗೋ ಬಂದರಿನ ದೀಪಸ್ತಂಭ. ಅಲ್ಲಿಗೆ ಕಾಲುದಾರಿಯಿಲ್ಲ, ಸಾರ್ವಜನಿಕರಿಗೆ ಪ್ರವೇಶವೂ ಇಲ್ಲ. ಆ ದೀಪ ಕೆಲಸ ಮಾಡುತ್ತಿದ್ದ ಬಗೆಯನ್ನು ಮಕ್ಕಳು ಮುಟ್ಟಿ ತಿಳಿಯಲೆಂದು, ಅದರಲ್ಲಿದ್ದಂಥ ಮಸೂರದ ಆರನೇ ಒಂದು ಭಾಗವನ್ನು ಪೂರ್ಣ ಅಳತೆಯಲ್ಲಿ ಮಾಡಿ ನಮ್ಮ ಶನಿವಾರದ ಶಾಲೆಯಲ್ಲಿ ಇಡಲು ಹೊರಟಿದ್ದೇವೆ.

ಈ ಊರಿನ ಮೊದಲ ದೀಪಸ್ತಂಭ 1831ರಲ್ಲಿ ನದೀಮುಖದಲ್ಲಿ ಎದ್ದು, ದೀಪ ಹಚ್ಚುವ ಮೊದಲೇ ಕುಸಿಯಿತು. ಮರುವರ್ಷ ಇನ್ನೊಂದನ್ನು ಕಟ್ಟಿದರು. ಈಗಿರುವುದು 1893ರದ್ದು. ಬಂದರು ಹೊರಕ್ಕೆ ಬೆಳೆದಂತೆ ದೀಪವೂ ಹೊರಕ್ಕೆ ಹೋಗಬೇಕಾಯಿತು. ಹಡಗಿಗೆ ಬೇಕಾದದ್ದು ಬಾಗಿಲ ದೀಪ, ನಡುಮನೆಯದಲ್ಲ. 1917ರಿಂದ 1919ರೊಳಗೆ ಗೋಪುರವನ್ನು ತಡೆಗೋಡೆಯ ತುದಿಗೆ ಸಾಗಿಸಿ, ಬುಡದಲ್ಲಿ ಮಂಜಿನಲ್ಲಿ ಹಡಗುಗಳನ್ನು ಎಚ್ಚರಿಸುವ ಸೈರನ್ನಿಗೊಂದು, ದೋಣಿಗೊಂದು ಕೋಣೆ ಸೇರಿಸಿದರು.

ಸರೋವರಕ್ಕೆ ಇಷ್ಟೆಲ್ಲ ಬೇಕೇ ಎನ್ನುವವರಿಗೆ: ಇದರ ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ., ಕರ್ನಾಟಕದ ಮೂರನೇ ಒಂದು ಪಾಲಿಗೆ ತುಸು ಕಡಿಮೆ. 1954ರ ಜೂನ್ 26ರಂದು ತಟ್ಟೆಯ ನೀರು ತುಳುಕಿದಂತೆ ಸರೋವರವೇ ತುಳುಕಿ, ಚಿಕಾಗೋ ದಡದಲ್ಲಿ 8 ಜನ ಕೊಚ್ಚಿಹೋದರು.

ಗೋಪುರದಲ್ಲಿ ಕೂಡಿಸಿದ್ದು ಮೂರನೇ ದರ್ಜೆಯ ಫ್ರೆನೆಲ್ ಮಸೂರ, ಅಂದರೆ ಒಂದೇ ದಪ್ಪ ಗಾಜಿನ ಬದಲು ಬಳೆಬಳೆಯಾಗಿ ತುಂಡುಗಳನ್ನು ಜೋಡಿಸಿದ ಮಸೂರ. ಕ್ಯಾಲಿಫೋರ್ನಿಯಾದ ಪಾಯಿಂಟ್ ಲೋಮಾಕ್ಕೆಂದು ಮಾಡಿದ್ದ ಅದನ್ನು 1893ರ ವಿಶ್ವ ಮೇಳದಲ್ಲಿ ಪ್ರದರ್ಶಿಸಿದ್ದರು. ಸ್ವಾಮಿ ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತನಾಡಿದ್ದು ಅದೇ ಮೇಳದ ದಿನಗಳಲ್ಲಿ, ಇದೇ ಊರಿನಲ್ಲಿ.

ಮೂರನೇ ದರ್ಜೆಯೆಂದರೆ ದೀಪದಿಂದ ಗಾಜಿಗೆ 500 ಮಿ.ಮೀ. ದೂರ. ನಮ್ಮ ಭಾಗಕ್ಕೆ ನಡುವೆ ಒಂದು ಗುಂಡು ಮಸೂರ, ಸುತ್ತ 5 ಬಳೆ, ಮೇಲೆ 6, ಕೆಳಗೆ 3 ಪಟ್ಟಕ (ಪ್ರಿಸಂ), ಒಟ್ಟು 15 ತುಂಡು. ನಡುವಿನವು ಬೆಳಕನ್ನು ಬಾಗಿಸಿ ಕಳಿಸುತ್ತವೆ. ಮೇಲಿನ, ಕೆಳಗಿನ ಪಟ್ಟಕಗಳು ಒಳಗೇ ಪ್ರತಿಫಲಿಸಿ ದಿಗಂತದ ಕಡೆ ತಿರುಗಿಸುತ್ತವೆ. ಗಾಜು ಭಾರ, ದುಬಾರಿ, ಹಾಗಾಗಿ ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್.

ಅಕ್ರಿಲಿಕ್‌ನದು ಬೇರೆ ಕಾಟ. ಕೊರೆದ ಮೇಲೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಯಿಸಿ ನಿಧಾನಕ್ಕೆ ಆರಿಸದೆ ಹೋದರೆ ಅಂಚಿನಲ್ಲಿ ಒತ್ತಡ ಉಳಿಯುತ್ತದೆ. ಆಮೇಲೆ ಯಾರಾದರೂ ಸ್ಪಿರಿಟ್ ಹಾಕಿ ಒರೆಸಿದರೋ, ಕೂದಲೆಳೆ ಬಿರುಕು ಎದ್ದೇ ಏಳುತ್ತದೆ. ಒರೆಸಲು ಸೋಪುನೀರು ಸಾಕು. 30 ಡಿಗ್ರಿ ಸೆಕೆ ಏರಿದರೆ 500 ಮಿ.ಮೀ. ತುಂಡು ಸುಮಾರು 1 ಮಿ.ಮೀ. ಹಿಗ್ಗುತ್ತದೆ, ಅದಕ್ಕೇ ಅಂಟಿಸದೆ, ಹಿತ್ತಾಳೆ ಚೌಕಟ್ಟಿನಲ್ಲಿ ಸಿಲಿಕೋನ್ ಪಟ್ಟಿ ಇಟ್ಟು ಕೂರಿಸುತ್ತೇವೆ. ದೀಪ ಕೂರಿಸುವುದೇ ನಾಜೂಕಿನ ಕೆಲಸ. 1 ಸೆಂ.ಮೀ. ಮೇಲೋ ಕೆಳಗೋ ಆದರೆ ಬೆಳಕು ಒಂದು ಡಿಗ್ರಿಗೂ ಮಿಕ್ಕಿ ಓರೆಯಾಗುತ್ತದೆ, 10 ಕಿ.ಮೀ. ದೂರದಲ್ಲಿ ಅದು 200 ಮೀಟರ್. ಹಡಗಿಗೆ ಸಿಗಬೇಕಾದ ಬೆಳಕು ಮೋಡಕ್ಕೋ ನೀರಿಗೋ! ಹಾಗಾಗಿ ಎಲ್‌ಇಡಿಯನ್ನು ತಿರುಪಿನ ಪೀಠದ ಮೇಲಿಟ್ಟು, ಮಕ್ಕಳೇ ಏರಿಸಿ ಇಳಿಸಿ ಗೋಡೆಯ ಮೇಲಿನ ಬೆಳಕು ನೋಡುವಂತೆ ಮಾಡುತ್ತೇವೆ.

101 ಡಾಲರ್ ಒಂದು ಪಟ್ಟಕದ ಅಕ್ರಿಲಿಕ್‌ಗೆ, 501 ಡಾಲರ್ ಹಿತ್ತಾಳೆ ಚೌಕಟ್ಟಿಗೆ. 51 ಆದರೂ ಸಂತೋಷವೇ, ಪಾಲಿಷ್ ಕಾಗದಕ್ಕೆ ಆಗುತ್ತದೆ. ನಿಮ್ಮ ಕಂಪನಿಯಲ್ಲಿ, ನೀವು ಕೊಟ್ಟಷ್ಟೇ ಹಣವನ್ನು ಕಂಪನಿಯೂ ಸೇರಿಸುವ ಮ್ಯಾಚಿಂಗ್ ಸೌಲಭ್ಯವಿದ್ದರೆ ಅರ್ಜಿ ಹಾಕಲು ಮರೆಯಬೇಡಿ, ಅದೇ ಹಣ ಎರಡಾಗುತ್ತದೆ. ಭಾರತದಿಂದ ಕಳಿಸುವವರ ಗಮನಕ್ಕೆ: ಇದು ಅಮೆರಿಕದ ಸಂಸ್ಥೆ, ಭಾರತದ ಆದಾಯ ತೆರಿಗೆಯಲ್ಲಿ ದೇಣಿಗೆ ವಿನಾಯಿತಿ ಸಿಗುವುದಿಲ್ಲ. ಚೆಕ್ ಕೊಡುವವರು ಶನಿವಾರ ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ.

ಹೊಲಿಗೆ ಬಲ್ಲವರಿಂದ ದಪ್ಪ ಬಟ್ಟೆಯ ಪರದೆಯೊಂದು ಬೇಕು. ಹಗಲು ಬಿಸಿಲು ಹೊರಗಿನಿಂದ ಮಸೂರಕ್ಕೆ ಬಿದ್ದರೆ ಒಳಗೆ ಒಂದೇ ಚುಕ್ಕೆಗೆ ಕೂಡಿ ಬೆಂಕಿ ಹೊತ್ತಿಸಬಲ್ಲದು. ದೀಪಸ್ತಂಭದ ಕಾವಲುಗಾರರು ಬೆಳಗಾಗುತ್ತಲೇ ಪರದೆ ಎಳೆಯುತ್ತಿದ್ದುದು ಇದಕ್ಕೇ. ಅಳತೆ: ಅಗಲ 1 ಮೀಟರ್, ಉದ್ದ ಒಂದೂವರೆ ಮೀಟರ್, ಮೇಲಂಚಿನಲ್ಲಿ ಕೊಳವೆ ತೂರುವಷ್ಟು ಮಡಿಕೆ.